ವೇಷಧಾರಿಯ ಬದುಕು ಬರೆದಾಗ

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಹಿರಿಯ ಸ್ತ್ರೀವೇಷಧಾರಿಯೊಬ್ಬರ ಜೀವನಚರಿತ್ರೆ ಬರೆಯಲು ಒಪ್ಪಿಕೊಂಡಾಗ ಮೊದಲೇ ಒಂದು ಮಾತು ಮಾಡಿಕೊಂಡೆವು. ಅಚ್ಚಿಗೆ ಹೋಗುವ ಮುಂಚೆ ಪ್ರತಿ ಅಧ್ಯಾಯವನ್ನೂ ಅವರಿಗೆ ಓದಿ ಹೇಳುತ್ತೇನೆ. ತಪ್ಪಿದ್ದರೆ ತಿದ್ದಬಹುದು, ಮನೆಯ ಗುಟ್ಟು ಬೇಡವೆನ್ನಬಹುದು; ಅವರ ವೇಷಗಾರಿಕೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಮಾತ್ರ ಮುಟ್ಟುವಂತಿಲ್ಲ. ‘ನಾನು’ ಎಂದು ಅವರ ಬಾಯಲ್ಲೇ ಬರೆಯುವ ನಿರೂಪಣೆಯಾಗಿದ್ದರೆ ಈ ಕರಾರು ಬೇಕಿರಲಿಲ್ಲ. ಇಲ್ಲಿ ಹೊಣೆ ನನ್ನದು.

ಯಕ್ಷಗಾನದವರು ವರ್ಷವನ್ನು ತಿರುಗಾಟದಲ್ಲಿ, ಅಂದರೆ ಮೇಳ ಊರೂರು ಸುತ್ತಿ ಆಟ ಆಡುವ ಋತುವಿನಲ್ಲಿ, ಎಣಿಸುತ್ತಾರೆ. ದೀಪಾವಳಿ ಕಳೆದು ಹೊರಡುವ ಮೇಳ ಮೇ ಕೊನೆಯಲ್ಲಿ, ತುಳುನಾಡಿನ ಪತ್ತನಾಜೆಯ ದಿನ, ಗೆಜ್ಜೆ ಬಿಚ್ಚಿ ಆಟ ನಿಲ್ಲಿಸುತ್ತದೆ; ಒಂದು ತಿರುಗಾಟಕ್ಕೆ ಎರಡು ಇಸವಿ. ಅವರು ಒಮ್ಮೆ ‘ಇಂದಿರಾ ಗಾಂಧಿ ತೀರಿಹೋದ ವರ್ಷದ ತಿರುಗಾಟ’ ಎಂದರು. ಅದು 1983–84 ಆಗಬಹುದು, 1984–85 ಕೂಡ ಆಗಬಹುದು. 1984ರ ಅಕ್ಟೋಬರ್ 31 ಬರುವುದು ಎರಡರ ನಡುವೆ. ಹಳೆಯ ಹ್ಯಾಂಡ್‌ಬಿಲ್‌ಗಳಲ್ಲಿ ತಾರೀಕು, ವಾರ ಇರುತ್ತವೆ, ಇಸವಿ ಎಷ್ಟೋ ಸಲ ಇರುವುದಿಲ್ಲ. ವಾರವನ್ನೂ ತಾರೀಕನ್ನೂ ತಾಳೆ ನೋಡಿದರೆ ಯಾವ ಇಸವಿ ಎಂಬುದು ಹತ್ತು ವರ್ಷಗಳ ಒಳಗೆ ಒಂದೆರಡಕ್ಕೆ ಇಳಿಯುತ್ತದೆ. ಹಾಗೆ ಹೊಂದಿಸಿ ಮುಂದಿಟ್ಟರೆ ಅವರಿಗೆ ಬೇಸರವೇ ಇಲ್ಲ. ಮರೆತಿದ್ದ ಪ್ರಸಂಗ, ಎದುರು ವೇಷ, ಬಣ್ಣ ಹಚ್ಚುವ ಚೌಕಿಯ ಮಾತು ಒಂದೊಂದಾಗಿ ಬರುತ್ತಿದ್ದವು.

ಅವರು ಊರೂರು ತಿರುಗುವಾಗ ಬೀಡಿ ಕಟ್ಟಿ ಮನೆ ನಡೆಸಿದ್ದು ಅವರ ಮಡದಿ. ಅವರನ್ನು ಬೇರೆಯಾಗಿಯೇ ಕೂರಿಸಿ ಕೇಳಿದೆ. ಗಂಡ ಎದುರಿಗಿದ್ದರೆ ಎಲ್ಲದಕ್ಕೂ ‘ಇವರು ಹೇಳಿದ ಹಾಗೆ’ ಎನ್ನುತ್ತಿದ್ದರು.

ಕಷ್ಟವಾದದ್ದು ಒಂದು ಪ್ರಕರಣ. ಡೇರೆ ಹಾಕಿ ಟಿಕೆಟಿಗೆ ಆಟ ಆಡುವ ಮೇಳವೊಂದನ್ನು ಅವರು ನಡು ತಿರುಗಾಟದಲ್ಲಿ ಬಿಟ್ಟಿದ್ದರು. ರೆಕಾರ್ಡರ್ ಮುಂದೆ ಎಲ್ಲ ಹೇಳಿ, ಆಮೇಲೆ ಫೋನ್ ಮಾಡಿದರು: ‘ಅದು ಬೇಡ ಮಾಷ್ಟ್ರೇ. ಆ ಭಾಗವತರು ಈಗ ಇಲ್ಲ. ಅವರ ಮಕ್ಕಳು ಓದ್ತಾರೆ.’ ಇದು ಮನೆಯ ಗುಟ್ಟಲ್ಲ. ಇದನ್ನು ಬರೆಯದೆ ಬಿಟ್ಟರೆ ಅವರು ಮರುವರ್ಷ, ಭಕ್ತರ ಹರಕೆಗಾಗಿ ಆಟ ಆಡುವ ಮೇಳ ಸೇರಿದ್ದು ಓದುಗರಿಗೆ ಅರ್ಥವೇ ಆಗುವುದಿಲ್ಲ. ಆದರೆ ತೀರಿಕೊಂಡವರು ಬಂದು ಉತ್ತರ ಕೊಡಲಾರರು ಎಂಬ ಅವರ ಅಳುಕು ನ್ಯಾಯವಾದದ್ದೇ. ಮೇಳ ಬಿಟ್ಟದ್ದನ್ನು ಬರೆದೆ. ‘ಕಾರಣವನ್ನು ನನಗೆ ಹೇಳಿದ್ದಾರೆ, ಅಚ್ಚಿಗೆ ಬೇಡವೆಂದಿದ್ದಾರೆ’ ಎಂದೂ ಬರೆದೆ. ಆ ಸಾಲನ್ನೂ ತೆಗೆಯಿರಿ ಎಂದು ಅವರ ಮಗ ಪಟ್ಟು ಹಿಡಿದರು. ಬರೆಯದೆ ಬಿಟ್ಟದ್ದನ್ನು ಬಿಟ್ಟಿದ್ದೇವೆಂದು ಓದುಗರಿಗೆ ಹೇಳಲೇಬೇಕು ಎಂದೆ. ಅಪ್ಪ ಮಗನಿಗೆ ಹೇಳಿದರು: ‘ಇರ್ಲಿ ಬಿಡು, ಸುಳ್ಳಲ್ಲ ಅಲ್ವಾ.’ ಆ ಧ್ವನಿಮುದ್ರಣ ನನ್ನ ಬಳಿ ಇದೆ. ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಕೇಳಿಸುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ.