ಮೂರನೇ ಸಲ ಔಷಧಿ ಹೊಡೆಸಬೇಕೇ? ಮೊದಲು ಕಾಗದದ ಮೇಲೊಂದು ಮರ ಬರೆಯಿರಿ

ಮಲೆನಾಡಿನ ಅಡಿಕೆ ಬೆಳೆಗಾರರು ಮಳೆಗಾಲ ಹಿಡಿಯುವ ಮೊದಲೊಮ್ಮೆ, ಅದಾಗಿ 40-45 ದಿನಗಳಿಗೆ ಇನ್ನೊಮ್ಮೆ, ಕಾಯಿ ಕೊಳೆತು ಉದುರುವ ಕೊಳೆರೋಗ ತಡೆಯಲು, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಸುತ್ತಾರೆ. ಇಕ್ಕಟ್ಟು ಶುರುವಾಗುವುದು ಆಗಸ್ಟ್ ಅರ್ಧ ಕಳೆದ ಮೇಲೆ. ಮಳೆ ಮುಂದುವರಿದರೆ ಮೂರನೆಯ ಸಲವೂ ಹೊಡೆಸದೆ ಗತಿಯಿಲ್ಲ. ಹೊಡೆಸಿದ ಮಾರನೇ ದಿನದಿಂದಲೇ ಬಿಸಿಲು ಬಿದ್ದರೆ ಆ ಹಣವೆಲ್ಲ ದಂಡ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಹೋದ ವರ್ಷ ಏನಾಯಿತೆಂಬುದನ್ನಷ್ಟೇ ನೆನೆದು ತೀರ್ಮಾನಿಸುತ್ತಾರೆ. ಅದಕ್ಕಿಂತ ಮೇಲಾದ ದಾರಿಯೊಂದಿದೆ. ಅದನ್ನು ‘ನಿರ್ಧಾರದ ಮರ’ ಎನ್ನುತ್ತಾರೆ. ಬೇಕಾಗುವುದು ಒಂದು ಹಾಳೆ, ಒಂದು ಪೆನ್ಸಿಲ್ ಮತ್ತು ಹತ್ತು ನಿಮಿಷ.

ಮೊದಲ ಹೆಜ್ಜೆಯಾಗಿ ಹಾಳೆಯ ಎಡ ಅಂಚಿನಲ್ಲಿ ಒಂದು ಚೌಕ ಬರೆಯಿರಿ. ಚೌಕವೆಂದರೆ ನಿಮ್ಮ ಕೈಯಲ್ಲಿರುವ ಆಯ್ಕೆ. ಅದರಿಂದ ಬಲಕ್ಕೆ ಎರಡು ಗೆರೆ ಎಳೆದು, ಒಂದರ ಮೇಲೆ ‘ಹೊಡೆಸುವುದು’, ಇನ್ನೊಂದರ ಮೇಲೆ ‘ಬಿಡುವುದು’ ಎಂದು ಬರೆಯಿರಿ. ಪ್ರತಿ ಗೆರೆಯ ತುದಿಗೂ ಒಂದು ವೃತ್ತ ಬರಲಿ. ವೃತ್ತವೆಂದರೆ ನಿಮ್ಮ ಕೈಯಲ್ಲಿಲ್ಲದ್ದು, ಇಲ್ಲಿ ಮಳೆ. ಒಂದೊಂದು ವೃತ್ತದಿಂದಲೂ ‘ಮಳೆ ಮುಂದುವರಿಯಿತು’, ‘ಮಳೆ ಬಿಟ್ಟಿತು’ ಎಂಬ ಎರಡೆರಡು ಕೊಂಬೆಗಳು ಹೊರಡುತ್ತವೆ. ಚೌಕವನ್ನೂ ವೃತ್ತವನ್ನೂ ಬೇರೆಬೇರೆಯಾಗಿ ಇಡುವುದೇ ಈ ವಿಧಾನದ ಜೀವಾಳ. ನಾವು ಸಾಮಾನ್ಯವಾಗಿ ಇವೆರಡನ್ನೂ ಕಲಸಿಬಿಡುತ್ತೇವೆ. ಮಳೆ ಬಿಟ್ಟ ವರ್ಷ ‘ನನ್ನ ನಿರ್ಧಾರ ಸರಿಯಿತ್ತು’ ಎಂದು ಬೀಗುತ್ತೇವೆ, ಬಿಡದ ವರ್ಷ ಹಣೆಬರಹವನ್ನು ಹಳಿಯುತ್ತೇವೆ.

ಎರಡನೆಯದಾಗಿ, ನಾಲ್ಕೂ ಕೊಂಬೆಗಳ ತುದಿಯಲ್ಲಿ ಆಗುವ ಖರ್ಚು ಮತ್ತು ನಷ್ಟವನ್ನು ರೂಪಾಯಿಯಲ್ಲಿ ಬರೆಯಬೇಕು. ಲೆಕ್ಕ ತೋರಿಸುವುದಕ್ಕಾಗಿ ಇಲ್ಲೊಂದು ಅಂದಾಜನ್ನು ಇಟ್ಟುಕೊಳ್ಳೋಣ. ನಿಮ್ಮ ತೋಟದ ಅಂಕಿಗಳು ಬೇರೆಯೇ ಇರುತ್ತವೆ. ಔಷಧಿ ಮತ್ತು ಕೂಲಿ ಸೇರಿ ಖರ್ಚು 12,000 ರೂಪಾಯಿ. ಹೊಡೆಸದೆ ಮಳೆ ಮುಂದುವರಿದರೆ ಕೊಳೆಯಿಂದ 40,000 ರೂಪಾಯಿ ನಷ್ಟ, ಮಳೆ ಬಿಟ್ಟರೆ ಏನೂ ಇಲ್ಲ. ಹೊಡೆಸಿಯೂ ಮಳೆ ಮುಂದುವರಿದರೆ 8,000 ರೂಪಾಯಿಯ ಕಾಯಿ ಹೋಗಬಹುದು. ಖರ್ಚು ಸೇರಿಸಿದರೆ 20,000. ಹೊಡೆಸಿದ ಮೇಲೆ ಮಳೆ ಬಿಟ್ಟರೆ ಖರ್ಚಿನ 12,000 ಮಾತ್ರ.

ಈ 8,000ದ ಅಂಕಿ ನಿಲ್ಲುವುದು ದ್ರಾವಣ ಸರಿಯಾಗಿದ್ದರೆ ಮಾತ್ರ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಎಲ್ಲರಿಗೂ ಗೊತ್ತು, ಆದರೆ ಸುಣ್ಣದ ಗುಣ ಚೀಲದಿಂದ ಚೀಲಕ್ಕೆ ಬದಲಾಗುತ್ತದೆ. ಮಸೆದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದೆಂದು ಅರ್ಥ. ಆ ಪರೀಕ್ಷೆ ಮಾಡದವರು ತಮ್ಮ ಮರದಲ್ಲಿ 8,000ದ ಜಾಗದಲ್ಲಿ ದೊಡ್ಡ ಅಂಕಿಯನ್ನೇ ಬರೆದುಕೊಳ್ಳುವುದು ಪ್ರಾಮಾಣಿಕತೆ.

ಮೂರನೆಯದು ಸಂಭವದ ಲೆಕ್ಕ. ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ವರ್ಷ ಆಗಸ್ಟ್ ಕೊನೆಯ ನಂತರವೂ ಮಳೆ ಹಿಡಿದು ಹೊಡೆಯಿತು? ಮನೆಯಲ್ಲಿ ಮಳೆಮಾಪಕದ ಪುಸ್ತಕವಿದ್ದರೆ ಉತ್ತರ ಅಲ್ಲೇ ಇದೆ. ಮೂರು ವರ್ಷ ಎಂದುಕೊಳ್ಳೋಣ. ಈಗ ಬಲದಿಂದ ಎಡಕ್ಕೆ ಲೆಕ್ಕ ಹಾಕುತ್ತ ಬನ್ನಿ. ಹೊಡೆಸುವ ಕೊಂಬೆಯಲ್ಲಿ 20,000ದ ಹತ್ತರಲ್ಲಿ ಮೂರು ಪಾಲು 6,000, 12,000ದ ಹತ್ತರಲ್ಲಿ ಏಳು ಪಾಲು 8,400, ಒಟ್ಟು 14,400. ಬಿಡುವ ಕೊಂಬೆಯಲ್ಲಿ 40,000ದ ಹತ್ತರಲ್ಲಿ ಮೂರು ಪಾಲು, ಅಂದರೆ 12,000. ಸರಾಸರಿ ನಷ್ಟ ಬಿಡುವುದರಲ್ಲೇ ಕಡಿಮೆ.

ಇಲ್ಲಿಗೆ ನಿಲ್ಲಿಸಿದರೆ ಮರ ಬರೆದದ್ದರ ಅರ್ಧ ಪ್ರಯೋಜನವೂ ಸಿಗಲಿಲ್ಲವೆಂದೇ ನನ್ನ ಅಭಿಪ್ರಾಯ. ಮೂರರ ಬದಲು ನಾಲ್ಕು ವರ್ಷ ಎಂದಿಟ್ಟು ಮತ್ತೆ ಲೆಕ್ಕ ಹಾಕಿ: ಹೊಡೆಸಿದರೆ 15,200, ಬಿಟ್ಟರೆ 16,000. ಉತ್ತರ ಮಗುಚಿತು. ಕರಾರುವಾಕ್ಕಾಗಿ ಹೇಳುವುದಾದರೆ ಮಳೆ ಮುಂದುವರಿಯುವ ಸಂಭವ ಶೇ 37.5 ದಾಟಿದರೆ ಹೊಡೆಸಬೇಕು, ಅದರ ಕೆಳಗಿದ್ದರೆ ಬೇಡ. ಇನ್ನು ಚರ್ಚಿಸಬೇಕಾದದ್ದು ಅಡಿಕೆಯ ಧಾರಣೆಯನ್ನೂ ಅಲ್ಲ, ಪಕ್ಕದ ಮನೆಯವರು ಏನು ಮಾಡಿದರೆಂಬುದನ್ನೂ ಅಲ್ಲ; ಈ ಸಲದ ಮಳೆಯ ಸಂಭವ ಆ ಗೆರೆಯ ಯಾವ ಬದಿಗಿದೆ ಎಂಬ ಒಂದೇ ವಿಷಯವನ್ನು. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಈಗ ಓದಿದರೆ ಅದಕ್ಕೊಂದು ಅರ್ಥವಿರುತ್ತದೆ.

ಚೌಕದಿಂದ ಮೂರನೆಯ ಗೆರೆಯನ್ನೂ ಎಳೆಯಬಹುದು: ‘ಒಂದು ವಾರ ಕಾಯುವುದು’. ಕಾದು, ಅಡಿಕೆ ಮರದ ಬುಡದಲ್ಲಿ ಹಸಿರು ಕಾಯಿಗಳು ಉದುರಿವೆಯೇ, ಅವುಗಳ ಮೇಲೆ ನೀರು ಕುಡಿದಂಥ ಕಲೆಯಿದೆಯೇ ಎಂದು ನೋಡಿ ಆಮೇಲೆ ತೀರ್ಮಾನಿಸುವ ದಾರಿ ಇದು. ಕೇಳಲು ಜಾಣತನದಂತಿದ್ದರೂ ಇದರ ತುದಿಯಲ್ಲೂ ಒಂದು ವೃತ್ತ ಕಾದಿರುತ್ತದೆ: ಮುಂದಿನ ವಾರ ಮಳೆ ಹೊಳವಾಗುತ್ತದೆಯೇ, ಆದರೂ ಆ ದಿನವೇ ಔಷಧಿ ಹೊಡೆಯುವವರು ಸಿಗುತ್ತಾರೆಯೇ? ಕಾಯುವುದಕ್ಕೂ ಬೆಲೆಯಿದೆ ಎಂಬುದು ಮರ ಬರೆದಾಗಲೇ ಕಣ್ಣಿಗೆ ಬೀಳುವುದು.

ಸರಾಸರಿ ಎಂಬುದು ಹತ್ತಾರು ಮಳೆಗಾಲಗಳನ್ನು ತಾಳಿಕೊಳ್ಳಬಲ್ಲವರ ಲೆಕ್ಕ. ಸೊಸೈಟಿಯ ಸಾಲದ ಕಂತು ಕುತ್ತಿಗೆಗೆ ಬಂದಿರುವವರಿಗೆ ಒಂದೇ ಸಲದ 40,000 ನಷ್ಟ ತಡೆಯಲಾರದ್ದಾಗಿದ್ದರೆ, ಅವರು 2,400 ಹೆಚ್ಚು ತೆತ್ತು ಹೊಡೆಸುವುದರಲ್ಲಿ ತಪ್ಪೇನೂ ಇಲ್ಲ. ಅದು ವಿಮೆಯ ಕಂತಿನಂತೆ. ಹಾಗೆಯೇ ಪಾಚಿಗಟ್ಟಿದ ಮರ ಹತ್ತುವ ಕೊನೆಗಾರನ ಅಪಾಯವನ್ನು ರೂಪಾಯಿಯಾಗಿಸಿ ಕೊಂಬೆಯ ತುದಿಗೆ ಬರೆಯಲು ಹೋಗಬೇಡಿ. ಮರ ಹತ್ತುವಂತಿಲ್ಲದ ದಿನ ‘ಹತ್ತಿಸಿ ಹೊಡೆಸುವುದು’ ಎಂಬ ಗೆರೆಯನ್ನೇ ಅಳಿಸಿ, ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಹೊಡೆಯುವ ಖರ್ಚನ್ನು ಹಾಕಿಕೊಳ್ಳಿ.

ಕೊಳವೆಬಾವಿ ಇನ್ನೂ ನೂರು ಅಡಿ ಕೊರೆಸಬೇಕೇ, ಹಳೆಯ ಪಂಪನ್ನು ರಿಪೇರಿ ಮಾಡಿಸಬೇಕೇ ಹೊಸದು ತರಬೇಕೇ ಎಂಬಂಥ ಪ್ರಶ್ನೆಗಳಿಗೂ ಮರ ಬರೆಯುವ ಕ್ರಮ ಇದೇ.

ಬರೆದ ಹಾಳೆಯನ್ನು ಎಸೆಯಬೇಡಿ. ಮಳೆ ಯಾವ ದಿನ ಬಿಟ್ಟಿತು, ಎಷ್ಟು ಕೊನೆಗಳಿಗೆ ಕೊಳೆ ತಗುಲಿತು ಎಂಬುದನ್ನು ಅಕ್ಟೋಬರ್‌ನಲ್ಲಿ ಅದರ ಹಿಂಬದಿಗೆ ಬರೆದು ಮಳೆಮಾಪಕದ ಪುಸ್ತಕದೊಳಗೆ ಇಟ್ಟಿರಿ. ಮುಂದಿನ ಆಗಸ್ಟ್‌ನಲ್ಲಿ ಹತ್ತು ವರ್ಷದ ಲೆಕ್ಕಕ್ಕೆ ಈ ವರ್ಷವೂ ಸೇರಬೇಕು.