ನೇಪಾಳಿ ದಂಪತಿಯ ಮಗುವಿಗೆ ದಾಖಲೆ ಮಾಡಿಸಿದ್ದು: ನನ್ನ ಅನುಭವ

ನಮ್ಮ ಹೋಂಸ್ಟೇಯ ನೇಪಾಳಿ ಅಡುಗೆ ಹುಡುಗನ ಮಗುವಿಗೆ ಕೊನೆಗೂ ನೇಪಾಳದ ಜನ್ಮದರ್ತಾ, ಅಂದರೆ ಅಲ್ಲಿಯ ಜನನ ನೋಂದಣಿ ಪತ್ರ, ಕೈಗೆ ಬಂತು. ಆಗೋದೇ ಇಲ್ಲ ಅಂದಿದ್ದವರೇ ಈಗ ಮೂಡಿಗೆರೆ ಸಂತೆಯಲ್ಲಿ ನಿಲ್ಲಿಸಿ ಹೇಗೆ ಮಾಡಿಸಿದ್ರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ತೋಟ, ಹೋಂಸ್ಟೇ ನಡೆಸುವವರಿಗೆ ಜನನ ನೋಂದಣಿ ಹೊಸದಲ್ಲ, ಹುಟ್ಟಿದ 21 ದಿನದೊಳಗೆ ಬರೆಸಬೇಕು ಅನ್ನೋ ಲೆಕ್ಕವೂ ಗೊತ್ತು. ಅದನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಶುರುವಿನಲ್ಲಿ ಎಲ್ಲರೂ ಹೇಳಿದ್ದು ಒಂದೇ: "ನಿಮಗ್ಯಾಕ್ರೀ ಈ ಉಸಾಬರಿ? ಅವರಿಗೆ ವೀಸಾನೇ ಬೇಡವಲ್ಲ!" ಬೇಡ, ನಿಜ. ಭಾರತ ನೇಪಾಳದ ನಡುವೆ 1950ರ ಒಪ್ಪಂದ ಇದೆ, ಹುಟ್ಟಿದ ಮಗುವಿಗೂ ವೀಸಾ ಬೇಕಿಲ್ಲ. ಆದರೆ ಮಗು ಯಾವ ದೇಶದ್ದು ಅಂತ ಒಂದು ಕಾಗದ ಬೇಡವಾ? 2004ರ ಡಿಸೆಂಬರ್ 3ರ ನಂತರ ಇಲ್ಲಿ ಹುಟ್ಟಿದ ಮಗು ಭಾರತದ ಪ್ರಜೆ ಆಗಬೇಕಾದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. ಇವರಿಬ್ಬರೂ ಅಲ್ಲ. ಇನ್ನು ನೇಪಾಳದಲ್ಲಿ ಹದಿನಾರು ತುಂಬಿದ ಮೇಲೆ ನಾಗರಿಕತಾ, ಅಂದರೆ ಪೌರತ್ವದ ಪತ್ರ, ಕೊಡುತ್ತಾರೆ. ಆಗ ಜನ್ಮದರ್ತಾ ಇಲ್ಲದಿದ್ದರೆ ಆ ಮಗು ಎಷ್ಟು ಕಡೆ ಅಲೆಯಬೇಕು? ನಮ್ಮ ತೋಟದ ಲೈನ್ ಮನೆಯಲ್ಲೇ (ಕೆಲಸದವರ ಸಾಲುಮನೆ) ಹುಟ್ಟಿ ಬೆಳೆಯುವ ಕೂಸು ಎರಡೂ ಕಡೆಗೆ ಇಲ್ಲದಂತಾಗುವುದನ್ನು ನೋಡಿಕೊಂಡು ಇರೋಕೆ ನನ್ನಿಂದ ಆಗಲಿಲ್ಲ.

ಒಬ್ಬ ಏಜೆಂಟ್ ಹದಿನೈದು ಸಾವಿರ ಕೊಡಿ, ಇಲ್ಲಿಯವರೇ ಅಂತ ತೋರಿಸಿ ಆಧಾರ್ ಮಾಡಿಸಿ ಕೊಡುತ್ತೇನೆ ಅಂದ. ನಮ್ಮ ಹುಡುಗ ಸಾಲ ಮಾಡಿ ಕೊಡೋಕೂ ತಯಾರಿದ್ದ. ನಾನು ಖಡಾಖಂಡಿತ ಬೇಡ ಅಂದೆ. ಸುಳ್ಳು ಕಾಗದ ಒಂದು ಹುಟ್ಟಿದರೆ ಮಗುವಿಗೆ ಅಲ್ಲಿ ನ್ಯಾಯವಾಗಿ ಸಿಗಬೇಕಾದ್ದೂ ತಪ್ಪುತ್ತದೆ, ಇಲ್ಲಿ ಕೇಸೂ ಬೀಳುತ್ತದೆ. ದಯವಿಟ್ಟು ಯಾರೂ ಆ ದಾರಿ ಹಿಡಿಯಬೇಡಿ.

ಮೊದಲ ಪೆಟ್ಟು ಆಸ್ಪತ್ರೆಯಲ್ಲೇ ಬಿತ್ತು. ತಾಯಿಯ ಆಧಾರ್ ಇಲ್ಲದೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಅಂದರು. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ತಂದೆ ತಾಯಿಯ ಆಧಾರ್ ನಂಬರು 'ಇದ್ದರೆ' ಕೊಡಬೇಕು ಅಂತಲೇ ಇದೆ. ಆ ಸಾಲಿನ ಪ್ರಿಂಟ್ ತೆಗೆದು, ಕೆಂಪು ಪೆನ್ನಲ್ಲಿ ಗೆರೆ ಎಳೆದು ಮೇಜಿನ ಮೇಲಿಟ್ಟೆ. ಜೋರು ಮಾಡಲಿಲ್ಲ. ಯಾರ ಮೇಜಿನ ಮೇಲೆ, ಎಷ್ಟು ಹೊತ್ತಿಗೆ ಇಡಬೇಕು ಅನ್ನೋದರಲ್ಲೂ ಒಂದು ಪಟ್ಟು ಇದೆ. ಅದನ್ನು ಬರೆಯೋಕೆ ಬರಲ್ಲ, ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಆಧಾರ್ ಗಲಾಟೆ ಮುಗೀತು ಅನ್ನುವಷ್ಟರಲ್ಲಿ ಹುಟ್ಟಿದ ತಾರೀಖಿನ ಗಲಾಟೆ. ತಾಯಿಯ ನಾಗರಿಕತಾ ಝೆರಾಕ್ಸಿನಲ್ಲಿ ಜನ್ಮ ವರ್ಷ 2056 ಅಂತಿತ್ತು. "ಏನ್ ಸಾರ್, ಈಯಮ್ಮ ಇನ್ನೂ ಹುಟ್ಟೇ ಇಲ್ವಲ್ಲ!" ಅಂತ ಅಲ್ಲಿದ್ದವರು ವಾಪಸ್ ಕೊಟ್ಟರು. ಅದು ಬಿಕ್ರಮ್ ಸಂವತ್, ನೇಪಾಳದವರ ಕ್ಯಾಲೆಂಡರ್. ನಮ್ಮ ಲೆಕ್ಕಕ್ಕೆ ತರಲು 57 ಕಳೆಯಬೇಕು, ವರ್ಷದ ಕೊನೆಯ ತಿಂಗಳುಗಳಾದರೆ 56. ಅವರ ವರ್ಷ ಏಪ್ರಿಲ್ ನಡುವಿನಲ್ಲಿ ಶುರುವಾಗುವುದರಿಂದ ಈ ಫರಕು. ನಾನು ಲೆಕ್ಕ ಹಾಕಿ ಬರೆದುಕೊಟ್ಟರೂ ಒಪ್ಪಲಿಲ್ಲ. ಅಫಿಡವಿಟ್ಟಿಗೆ ಛಾಪಾ ಕಾಗದ, ನೋಟರಿ ಅಂತ ಐನೂರು ಆರುನೂರು ಹೋಯಿತು, ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಮೂಲ ಕಾಗದ ತರಿಸಿದೆ. ಸೀರೆ ಗಂಟಿನೊಳಗೆ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಕೆ ಬಿದ್ದ ಕಾಗದ. ತಿರುಗಿಸಿದರೆ ಹಿಂದಿನ ಪುಟದಲ್ಲಿ ಹೆಸರು, ಊರು, ತಾರೀಖು ಎಲ್ಲ ಇಂಗ್ಲಿಷಿನಲ್ಲಿ, ನಮ್ಮ ಕ್ಯಾಲೆಂಡರ್ ಪ್ರಕಾರವೇ ಇದೆ! ಝೆರಾಕ್ಸ್ ಅಂಗಡಿಯವನು ಮುಂದಿನ ಪುಟ ಮಾತ್ರ ತೆಗೆದಿದ್ದ. ಮುಂದಿನದು, ಹಿಂದಿನದು ಎರಡನ್ನೂ ಒಂದೇ ಹಾಳೆಗೆ ಹಾಕಿಸಿ ಕೊಟ್ಟೆ. ಎರಡು ನಿಮಿಷದ ಕೆಲಸ.

ಸಂವತ್ ಲೆಕ್ಕ ಕಲಿತ ಮೇಲೆ ನಮ್ಮಲ್ಲಿರುವ ನೇಪಾಳಿಗಳೆಲ್ಲರ ತಾರೀಖು ಬದಲಿಸಿ ಚಾರ್ಟ್ ಮಾಡಿ ಆಫೀಸಿನ ಗೋಡೆಗೆ ಅಂಟಿಸಿದೆ. ಈಗ ವಿಮೆ ಫಾರ್ಮ್ ತುಂಬೋದು ಸಲೀಸು. ಅಪ್ಪ ಅಮ್ಮನಿಗೆ ನ್ಯಾಯವಾಗಿ ಆಧಾರ್ ಆಗುತ್ತಾ ಅಂತಲೂ ನೋಡಿದೆ. ಆಗುತ್ತೆ, ಹತ್ತು ವರ್ಷಕ್ಕೆ. ಒಂದು ದಾರಿ ಅಂದರೆ ನಾಗರಿಕತಾ ಜೊತೆಗೆ ನೇಪಾಳ ರಾಯಭಾರ ಕಚೇರಿಯ ಫೋಟೋ ಗುರುತಿನ ಪತ್ರ ಕೊಡುವುದು. ಅದಕ್ಕೆ ದಿಲ್ಲಿ ಖರ್ಚು ನೋಡಿ ಸದ್ಯಕ್ಕೆ ಕೈಬಿಟ್ಟೆ.

ಹೆಸರಿನ ಚಿಂತೆ ಇರಲಿಲ್ಲ. ಅವರಲ್ಲಿ ಹನ್ನೊಂದನೇ ದಿನ ನ್ವಾರನ್ ಮಾಡಿ ಹೆಸರಿಡುತ್ತಾರೆ. ಊರಿನ ಪುರೋಹಿತರು ವಿಡಿಯೋ ಕಾಲಿನಲ್ಲೇ ಹೆಸರು ಹೇಳಿದರು. 21 ದಿನದೊಳಗೆ ಹೆಸರು ಸಮೇತ ನೋಂದಣಿ ಆಯಿತು.

ಆದರೆ ಕೈಗೆ ಬಂದ ಪ್ರಮಾಣಪತ್ರ ನೋಡಿ ತಲೆ ಕೆಟ್ಟುಹೋಯಿತು. ಅಪ್ಪನ ಮನೆತನದ ಹೆಸರಿನಲ್ಲಿ ಒಂದು 'ಎಚ್' ಜಾಸ್ತಿ. ಅಮ್ಮನಿಗೆ ಗಂಡನ ಮನೆತನದ ಹೆಸರು ಸೇರಿಸಿದ್ದಾರೆ, ನಾಗರಿಕತಾದಲ್ಲಿ ತವರಿನದಿದೆ. ಕಾಯಂ ವಿಳಾಸಕ್ಕೂ ನಮ್ಮ ತೋಟದ್ದೇ! "ಇಷ್ಟಕ್ಕೆಲ್ಲ ಏನಾಗುತ್ತೆ, ಬಿಡಿ" ಅಂದರು ಪಕ್ಕದ ತೋಟದವರು. ಆಗುತ್ತೆ. ನೇಪಾಳದಲ್ಲಿ ಜನನ ಬರೆಸಿಕೊಳ್ಳುವ ವಾರ್ಡ್ ಕಚೇರಿಯವರು ನೋಡೋದೇ ಅದನ್ನು. ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ತಿದ್ದುಪಡಿಗೆ ಅರ್ಜಿ ಹಾಕಿ, ಇಬ್ಬರ ನಾಗರಿಕತಾ ಲಗತ್ತಿಸಿದೆ. ಕಾಯಂ ವಿಳಾಸಕ್ಕೆ ಅವರ ಜಿಲ್ಲೆ, ಪಾಲಿಕೆ, ವಾರ್ಡ್ ನಂಬರು ಹಾಕಿಸಿದೆ. ಸುಮಾರು ಒಂದು ತಿಂಗಳು ಹಿಡಿಯಿತು. ಕಾಫಿ ಕುಯ್ಲಿನ ಟೈಮ್ ಬೇರೆ, ಕಣ ಬಿಟ್ಟು ಓಡಾಡಿದ್ದಕ್ಕೆ ಮನೆಯಲ್ಲೂ ಬೈಸಿಕೊಂಡೆ. ಮಾಡಿಸದೆ ಬಿಡಲಿಲ್ಲ.

ಅಷ್ಟರಲ್ಲಿ ಮಗುವಿನ ಆರು ವಾರದ ಲಸಿಕೆಯೂ ಮುಗಿದಿತ್ತು, ತಿದ್ದಿದ ಪ್ರಮಾಣಪತ್ರ ಕೊಟ್ಟು ಮೂವರನ್ನೂ ಊರಿಗೆ ಕಳಿಸಿದೆ. ಬೆಂಗಳೂರಿನಿಂದ ಲಖನೌಗೆ ರೈಲು, ಅಲ್ಲಿಂದ ಗೌರೀಫಂಟಾ ಗಡಿಗೆ ಬಸ್, ದಾಟಿದರೆ ಧನಗಢಿ. ಹೋಗಿ ಬರೋಕೆ, ಊಟ ತಿಂಡಿ ಸೇರಿ ಹದಿನಾರು ಹದಿನೇಳು ಸಾವಿರ ಆಗಿರಬಹುದು. ಅರ್ಧ ನಾನು ಹಾಕಿದೆ, ಉಳಿದದ್ದು ಅವನ ಸಂಬಳದಲ್ಲಿ. ದುಡ್ಡು ನೂರರ ನೋಟಿನಲ್ಲೇ ಕೊಟ್ಟು ಕಳಿಸಿ, ದೊಡ್ಡ ನೋಟಿಗೆ ಅಲ್ಲಿ ತಕರಾರು ಬರಬಹುದು. ನಮ್ಮ ನೂರಕ್ಕೆ ಅವರ ನೂರ ಅರವತ್ತು.

ವಾರ್ಡಿನಲ್ಲಿ ಮದುವೆ ದರ್ತಾ (ನೋಂದಣಿ) ಎಲ್ಲಿ ಅಂದರಂತೆ. ಅದೂ ಆಗಿರಲಿಲ್ಲ! ಇಬ್ಬರೂ ಒಟ್ಟಿಗೆ ಹೋಗಿದ್ದಕ್ಕೆ ಬಚಾವಾದರು, ಮೊದಲು ಮದುವೆ, ಆಮೇಲೆ ಮಗು ಅಂತ ಎರಡನ್ನೂ ಅಲ್ಲೇ ಬರೆಸಿದರು. ಅಪ್ಪನೊಬ್ಬನೇ ಹೋಗಿದ್ದರೆ ಖಾಲಿ ಕೈಯಲ್ಲಿ ಬರಬೇಕಿತ್ತು. ನೇಪಾಳದ 35 ದಿನದ ಗಡುವು ಮೀರಿತ್ತು, ದಂಡ ಕಟ್ಟಿದರು, ಅದೇನು ಜಾಸ್ತಿ ಅಲ್ಲ. ನಮ್ಮ ಪ್ರಮಾಣಪತ್ರದಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುವುದರಿಂದ ಅನುವಾದ ಕೇಳಲಿಲ್ಲ. ಅಕ್ಷರ ಅಕ್ಷರ ಹೋಲಿಸಿ ನೋಡಿ ಸೀಲ್ ಒತ್ತಿದರಂತೆ. ಹುಡುಗ ಅಲ್ಲಿಂದಲೇ ಫೋಟೋ ಕಳಿಸಿ, "ಸಾಬ್, ಹೋ ಗಯಾ" ಅಂದ.

ಈಗ ಬಣಕಲ್ ಕಡೆಯ ಒಬ್ಬರ ಮನೆಯಲ್ಲಿ ಇನ್ನೊಂದು ನೇಪಾಳಿ ಜೋಡಿ ಇದೆ, ಆಕೆಗೆ ಏಳು ತಿಂಗಳು. ಈ ಸಲ ಆಶಾ ಅಕ್ಕನಿಗೆ ಹೇಳಿ ತಾಯಿ ಕಾರ್ಡಿನಲ್ಲೇ ನಾಗರಿಕತಾ ಪ್ರಕಾರ ಹೆಸರು ಬರೆಸಿದ್ದೇನೆ. ಆಸ್ಪತ್ರೆಯವರು ಹೆಸರು ಎತ್ತಿಕೊಳ್ಳುವುದೇ ಅದರಿಂದ. ಗಂಡನ ನಾಗರಿಕತಾ ಊರಲ್ಲಿದೆ, ಎರಡೂ ಪುಟದ ಫೋಟೋ ಕಳಿಸಿ ಅಂತ ಅವರ ಅಣ್ಣನಿಗೆ ಹೇಳಿದ್ದೇವೆ, ಇನ್ನೂ ಬಂದಿಲ್ಲ.