ವೈನ್ ಟಿಪ್ಪಣಿಗೆ ಟ್ಯಾಗ್ ಹಾಕುವುದು ಹೇಗೆ?

ರುಚಿ ನೋಡಿದ ವೈನಿನ ಬಗ್ಗೆ ನಾಲ್ಕು ಸಾಲು ಬರೆದು ಆನ್‌ಲೈನ್‌ನಲ್ಲಿ ಹಂಚಿಕೊಳ್ಳುವ ಗೆಳೆಯರು ನನಗೆ ಹಲವರಿದ್ದಾರೆ. ಅವರ ಟಿಪ್ಪಣಿಗಳು ಚೆನ್ನಾಗಿಯೇ ಇರುತ್ತವೆ. ಕೆಡುವುದು ಕೊನೆಯಲ್ಲಿ ಅಂಟಿಸುವ ಟ್ಯಾಗ್‌ಗಳಲ್ಲಿ. ಒಬ್ಬರು ‘ಸೂಪರ್’ ಎಂದು ಹಾಕುತ್ತಾರೆ, ಇನ್ನೊಬ್ಬರು ಬಾಟಲಿಯ ಹಿಂಬದಿಯ ವಾಕ್ಯವನ್ನೇ ತುಂಡರಿಸಿ ಹದಿನೈದು ಟ್ಯಾಗ್ ಮಾಡುತ್ತಾರೆ. ಆರು ತಿಂಗಳ ನಂತರ, ಕಾಳುಮೆಣಸಿನ ಘಮವಿದ್ದ ಆ ಶಿರಾಜ್ ಎಂಬ ಕೆಂಪು ವೈನ್ ಯಾವುದೆಂದು ಹುಡುಕಿದರೆ ಏನೂ ಸಿಗುವುದಿಲ್ಲ.

ಬಾಯಿ ಕಿರಿದಾದ ಗ್ಲಾಸಿಗೆ 50 ಮಿಲಿಲೀಟರಿನಷ್ಟು ವೈನ್ ಸುರಿದುಕೊಳ್ಳಿ. ಪಕ್ಕದಲ್ಲಿ ಊದುಬತ್ತಿ, ಒಗ್ಗರಣೆ, ಕಾಫಿ ಯಾವುದೂ ಇರಬಾರದು. ಬೇಸಿಗೆಯಲ್ಲಾದರೆ ಕೆಂಪು ವೈನನ್ನೂ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ.

ಮೊದಲು ಗುರುತಿನ ಟ್ಯಾಗ್‌ಗಳು: ದ್ರಾಕ್ಷಿಯ ತಳಿ, ಬೆಳೆದ ಪ್ರದೇಶ, ಕಟಾವಿನ ವರ್ಷ. ಲೇಬಲ್ಲಿನ ಮೇಲಿರುವ ವರ್ಷ ದ್ರಾಕ್ಷಿ ಕೊಯ್ದ ವರ್ಷವೇ ಹೊರತು ಬಾಟಲಿ ಕೊಂಡ ವರ್ಷವಲ್ಲ. ನಂದಿ ಬೆಟ್ಟದ ಸುತ್ತ ಅಥವಾ ನಾಸಿಕದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ವರ್ಷದ ಆರಂಭದ ತಿಂಗಳುಗಳಲ್ಲಿ ನಡೆದರೆ ಯುರೋಪಿನಲ್ಲಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ಆದ್ದರಿಂದ ಎರಡರ ಮೇಲೂ ಒಂದೇ ಇಸವಿ ಇದ್ದರೂ ನಮ್ಮದು ಅರ್ಧ ವರ್ಷ ಹಳೆಯದು. ಸಿರಾ ಮತ್ತು ಶಿರಾಜ್ ಒಂದೇ ತಳಿಯ ಎರಡು ಹೆಸರುಗಳಾದ್ದರಿಂದ ಒಂದನ್ನೇ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

ಹೆಚ್ಚಿನವರು ಎಡವುವುದು ವಾಸನೆಯ ಟ್ಯಾಗ್‌ಗಳಲ್ಲಿ. ‘ಹಿತವಾದ’, ‘ಸೊಗಸಾದ’ ಎಂಬ ಮಾತುಗಳು ನಿಮ್ಮ ಮೆಚ್ಚುಗೆಯನ್ನು ಹೇಳುತ್ತವೆಯೇ ವಿನಾ ಗ್ಲಾಸಿನಲ್ಲಿ ಏನಿದೆಯೆಂಬುದನ್ನು ಹೇಳುವುದಿಲ್ಲ. ಅವುಗಳ ಜಾಗ ಟಿಪ್ಪಣಿಯೊಳಗೆ. ಮೂಗಿಗೆ ಸಿಕ್ಕಿದ ವಸ್ತುವಿನ ಹೆಸರು ಮಾತ್ರ ಟ್ಯಾಗ್ ಆಗಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆನ್ ನೋಬಲ್ ಅವರು 1980ರ ದಶಕದಲ್ಲಿ ರೂಪಿಸಿದ ವೈನ್ ಪರಿಮಳ ಚಕ್ರದ ಕ್ರಮವೂ ಇದೇ: ನಡುವೆ ‘ಹಣ್ಣು’, ‘ಮಸಾಲೆ’ಯಂತಹ ವಿಶಾಲ ಗುಂಪುಗಳು, ಅಂಚಿಗೆ ಬಂದಂತೆ ನಿರ್ದಿಷ್ಟ ವಸ್ತುಗಳು. ಮೊದಲು ಗ್ಲಾಸನ್ನು ಅಲುಗಾಡಿಸದೆ ಮೂಸಿ, ನಂತರ ತಿರುಗಿಸಿ ಮೂಸಿ, ಗುಂಪನ್ನು ನಿರ್ಧರಿಸಿಕೊಂಡ ಬಳಿಕವೇ ಹೆಸರಿಗೆ ಇಳಿಯಿರಿ. ಹೆಸರು ಹೊಳೆಯದಿದ್ದರೆ ಗುಂಪಿನ ಹೆಸರನ್ನೇ ಬರೆಯಿರಿ. ಊಹೆಯ ‘ನೇರಳೆ’ಗಿಂತ ಪ್ರಾಮಾಣಿಕವಾದ ‘ಹಣ್ಣು’ ಮೇಲು.

ಇನ್ನೊಬ್ಬರ ಟ್ಯಾಗನ್ನು ನಕಲು ಮಾಡಬೇಡಿ. ಶಿರಾಜ್‌ನ ಕಾಳುಮೆಣಸಿನ ಘಮಕ್ಕೆ ರೋಟುಂಡೋನ್ ಎಂಬ ಸಂಯುಕ್ತ ಕಾರಣವೆಂದೂ ಕಾಳುಮೆಣಸಿನಲ್ಲಿರುವುದೂ ಅದೇ ಎಂದೂ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಆದರೆ ಅವರ ಪರೀಕ್ಷೆಯಲ್ಲಿ ಪಾಲ್ಗೊಂಡವರ ಪೈಕಿ ಸುಮಾರು ಐದರಲ್ಲೊಂದು ಪಾಲು ಜನರಿಗೆ ಆ ವಾಸನೆ ತಿಳಿಯಲೇ ಇಲ್ಲ. ನಿಮಗೆ ಅದು ಸಿಗದಿದ್ದರೆ ಟ್ಯಾಗ್ ಬೇಡ. ಲೇಬಲ್ಲಿನ ಚಿತ್ರ ತೆಗೆದೊಡನೆ ತಾವೇ ಟ್ಯಾಗ್ ತುಂಬಿಕೊಡುವ ಆ್ಯಪ್‌ಗಳನ್ನು ನಾನು ಬಳಸುವುದಿಲ್ಲ, ನೀವೂ ಬಳಸಬೇಡಿ: ಚಿತ್ರಕ್ಕೆ ಮೂಗಿಲ್ಲ.

ಕನ್ನಡದಲ್ಲಿ ಟ್ಯಾಗ್ ಬರೆಯುವವರಿಗೆ ಇನ್ನೊಂದು ತೊಡಕಿದೆ. ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ಸಿಗುವ ಒಂದೇ ಹಣ್ಣಿನ ಘಮವನ್ನು ಒಬ್ಬರು ಸೀಬೆ ಎಂದರೆ ಇನ್ನೊಬ್ಬರು ಪೇರಳೆ, ಮತ್ತೊಬ್ಬರು ಚೇಪೆ ಎನ್ನುತ್ತಾರೆ; ಹುಡುಕುವ ಯಂತ್ರಕ್ಕೆ ಅವು ಮೂರು ಬೇರೆ ಬೇರೆ ಹಣ್ಣುಗಳು. ಅಷ್ಟೇ ಅಲ್ಲ, ಶಿರಾಜ್ ಎಂಬುದನ್ನು ಬರೀ ‘ಜ’ದಿಂದ ಬರೆದರೆ ಒಂದು ಟ್ಯಾಗ್, ಚುಕ್ಕಿಯಿಟ್ಟ ‘ಜ಼’ದಿಂದ ಬರೆದರೆ ಇನ್ನೊಂದು ಟ್ಯಾಗ್ ಆಗಿಬಿಡಬಹುದು. ಆದ್ದರಿಂದ ಬಳಗದವರೆಲ್ಲ ಸೇರಿ ಮೂವತ್ತು ಪದಗಳ ಒಂದು ಪಟ್ಟಿ ಮಾಡಿ, ಟ್ಯಾಗನ್ನು ಹೊಸದಾಗಿ ಟೈಪ್ ಮಾಡದೆ ಪ್ರತಿ ಬಾರಿಯೂ ಆ ಪಟ್ಟಿಯಿಂದಲೇ ನಕಲಿಸಿ ಅಂಟಿಸಿ. ನಮ್ಮ ಪಟ್ಟಿಯಲ್ಲಿ ದೊಣ್ಣೆಮೆಣಸಿನಕಾಯಿ, ಲವಂಗ, ಬೆಣ್ಣೆ, ಗುಲಾಬಿ ಇವೆ. ಒದ್ದೆ ರಟ್ಟಿನ ವಾಸನೆಯೂ ಇದೆ, ಆದರೆ ಅದು ಸಾಮಾನ್ಯವಾಗಿ ಬಿರಡೆಯಿಂದ ಬಂದ ಕೆಡುಕಿನ ಗುರುತಾದ್ದರಿಂದ ‘ದೋಷ’ ಎಂಬ ಪದವನ್ನು ಅದರ ಮುಂದೆ ಸೇರಿಸಿದ್ದೇವೆ.

ಬಾಯಿಯ ಟ್ಯಾಗ್‌ಗಳಿಗೆ ಕನ್ನಡವೇ ಅನುಕೂಲ, ಏಕೆಂದರೆ ‘ಒಗರು’ ಎಂಬ ಖಚಿತ ಪದ ನಮ್ಮಲ್ಲಿದೆ. ವಸಡು ಒಣಗಿ ನಾಲಿಗೆ ಹಿಡಿದಂತಾದರೆ ಒಗರು. ಬಾಯಲ್ಲಿ ನೀರೂರಿದರೆ ಹುಳಿ. ‘ಸಿಹಿ’ಯ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಮಾಗಿದ ಹಣ್ಣಿನ ಘಮಕ್ಕೆ ಮರುಳಾಗಿ ಸಕ್ಕರೆಯೇ ಇಲ್ಲದ ವೈನಿಗೂ ‘ಸಿಹಿ’ ಎಂದು ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿಯಿರಿ. ಆಗಲೂ ನಾಲಿಗೆಗೆ ಸಿಹಿ ತಿಳಿದರೆ ಮಾತ್ರ ಆ ಟ್ಯಾಗ್ ಹಾಕಿ.

ಒಟ್ಟು ಟ್ಯಾಗ್‌ಗಳು ಎಂಟನ್ನು ಮೀರಬಾರದು: ಗುರುತಿಗೆ ಮೂರು, ವಾಸನೆಗೆ ಮೂರು, ಬಾಯಿಗೆ ಎರಡು. ಹಂಚುವಾಗ ಎರಡು ಪದಗಳ ನಡುವೆ ಜಾಗ ಬಿಟ್ಟರೆ ಹ್ಯಾಷ್‌ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ, ಆದ್ದರಿಂದ ‘#ನಂದಿ_ಬೆಟ್ಟ’ ಎಂದು ಅಡಿಗೆರೆಯಿಂದ ಜೋಡಿಸಿ. ತಳಿ ಮತ್ತು ಪ್ರದೇಶವನ್ನು ರೋಮನ್ ಲಿಪಿಯಲ್ಲೂ ಒಮ್ಮೆ ಕೊಡಿ, ಹೊರಗಿನವರು ಹುಡುಕುವುದು ಹಾಗೆಯೇ. ಈ ಎರಡನ್ನು ಎಂಟರ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ. ಇಪ್ಪತ್ತು ಟಿಪ್ಪಣಿಗಳಾದ ಮೇಲೆ ಟ್ಯಾಗ್‌ಗಳ ಪೂರ್ಣ ಪಟ್ಟಿಯನ್ನು ತೆರೆದು ನೋಡಿ, ಒಂದೇ ಬಾರಿ ಬಳಕೆಯಾದವುಗಳನ್ನು ಹತ್ತಿರದ ಟ್ಯಾಗ್‌ಗೆ ಸೇರಿಸಿ ಅಥವಾ ಅಳಿಸಿಬಿಡಿ.